ಮಜ್ಜಿಗೆಯ ಗಡಿಗೆಯಿಂದ ಗುಳಿಗೆಯವರೆಗೆ



ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಆನೇಕಲ್ ತಾಲ್ಲೂಕಿಗೆ ಸೇರಿದ ಬೊಮ್ಮಸಂದ್ರವೆಂಬ ಊರನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ‘ಸಂದ್ರ’ ಎಂಬುದು ‘ಸಮುದ್ರ’ ಎಂಬ ಶಬ್ದ ಜನರ ನಾಲಗೆಯಲ್ಲಿ ಸವೆದು ಬಂದ ರೂಪವೆಂದು ಸ್ಥಳನಾಮಗಳನ್ನು ಅಭ್ಯಸಿಸಿದವರು ಹೇಳುತ್ತಾರೆ. ಸಮುದ್ರವೆಂದರೆ ಇಲ್ಲಿ ಕೆರೆ. ಕೆರೆಯ ಹೆಸರನ್ನು ಹೊತ್ತ ಆ ಊರು ಇಂದು ಕಾರ್ಖಾನೆಗಳ ಊರಾಗಿದೆ. ೨೦೨೫ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊ ರೈಲಿನ ಹಳದಿ ಮಾರ್ಗವು ಅಲ್ಲಿಯವರೆಗೆ ಬಂದು ನಿಂತಿತು. ಹಗಲು ಇರುಳೆನ್ನದೆ ಪಾಳಿಯ ಮೇಲೆ ದುಡಿಯುವ ಸಹಸ್ರಾರು ಜನ ಅಲ್ಲಿ ವಾಸವಾಗಿದ್ದಾರೆ. ಹೊತ್ತಲ್ಲದ ಹೊತ್ತಿನ ಊಟ, ಎಲ್ಲೆಲ್ಲಿಯದೋ ನೀರು, ನಿದ್ರೆಗೆಟ್ಟ ರಾತ್ರಿಗಳು ಇವರ ದಿನಚರಿಯಾಗಿವೆ. ಆದುದರಿಂದ ಹೊಟ್ಟೆಯ ಬೇನೆ ಅಲ್ಲಿ ಅಪರೂಪದ ಮಾತಲ್ಲ.

ಹೀಗೆ ಹೊಟ್ಟೆ ಕೆಟ್ಟವನು ಔಷಧದ ಅಂಗಡಿಗೆ ಹೋದರೆ ಇಂದು ಅವನ ಮುಂದೆ ‘ಪ್ರೋಬಯೋಟಿಕ್’ ಎಂಬ ಹೆಸರಿನ ಹತ್ತಾರು ಬಗೆಯ ಪುಡಿ, ಗುಳಿಗೆ, ಪುಟ್ಟ ಸೀಸೆಗಳು ಬಂದು ನಿಲ್ಲುತ್ತವೆ. ಒಂದರಲ್ಲಿ ನೂರು ಕೋಟಿ ಜೀವಾಣುಗಳಿವೆ ಎಂದು ಬರೆದಿದ್ದರೆ ಮತ್ತೊಂದರಲ್ಲಿ ಸಾವಿರ ಕೋಟಿ ಎಂದು ಬರೆದಿದೆ. ಯಾವುದನ್ನು ಕೊಳ್ಳಬೇಕು? ಕೊಳ್ಳಲೇಬೇಕೆ? ಭೇದಿಗೂ, ವರ್ಷಗಟ್ಟಲೆ ಕಾಡುವ ಕೆರಳುಕರುಳಿನ ಬೇನೆಗೂ ಒಂದೇ ಮದ್ದು ಸಾಕೆ? ಈ ಪ್ರಶ್ನೆಗಳಿಗೆ ಅಂಗಡಿಯವನ ಮಾತಿಗಿಂತ ಇತಿಹಾಸವೇ ಹೆಚ್ಚು ಪ್ರಾಮಾಣಿಕವಾದ ಉತ್ತರವನ್ನು ಕೊಡುತ್ತದೆ. ಆ ಇತಿಹಾಸದ ಕೆಲವು ಪುಟಗಳು ಇದೇ ಹೊಸೂರು ರಸ್ತೆಯ ಮಗ್ಗುಲಲ್ಲೂ ಪೀಣ್ಯದಲ್ಲೂ ಬರೆಯಲ್ಪಟ್ಟಿರುವುದರಿಂದ ಅದನ್ನು ತಮ್ಮ ಮುಂದೆ ಇರಿಸಬೇಕೆನಿಸಿತು.

ಹಿರಿಯರ ಅರಿವು

ಹಾಲಿಗೆ ಹೆಪ್ಪಿಡುವ ಕ್ರಿಯೆ ನಮ್ಮ ನಾಡಿನಲ್ಲಿ ಎಂದಿನಿಂದ ನಡೆದು ಬಂದಿದೆಯೆಂದು ಹೇಳುವುದು ಸಾಧ್ಯವಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣಿಯೆಂಬ ಕರುಳಿನ ರೋಗದ ವಿಚಾರ ಬಂದಾಗ ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ಲಘುವಾದುದು, ಹಸಿವನ್ನು ಉದ್ದೀಪಿಸುವಂಥದು, ಮಲವನ್ನು ಹಿಡಿದು ನಿಲ್ಲಿಸುವಂಥದು ಎಂದು ಹೊಗಳಲಾಗಿದೆ. ಕನ್ನಡದಲ್ಲಿ ೧೧ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ಅಡುಗೆಗೂ ಸ್ಥಾನ ಕೊಟ್ಟಿತು. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ರಚಿಸಿದನು. ಕೆಳದಿಯ ವೀರಶೈವ ಅರಸನಾದ ಬಸವಪ್ಪನಾಯಕನು ೧೮ನೆಯ ಶತಮಾನದ ಮೊದಲ ದಶಕದಲ್ಲಿ ಸಿದ್ಧಗೊಳಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜನೀತಿ, ಶಿಲ್ಪ, ಸಂಗೀತಗಳ ಜೊತೆಗೆ ಪಾಕಶಾಸ್ತ್ರವೂ ವೈದ್ಯವೂ ಸೇರಿವೆ. ಉಣ್ಣುವುದನ್ನೂ ಉಂಡದ್ದು ದೇಹದಲ್ಲಿ ಮಾಡುವ ಕೆಲಸವನ್ನೂ ಶಾಸ್ತ್ರಕ್ಕೆ ಯೋಗ್ಯವಾದ ವಿಷಯವೆಂದು ನಮ್ಮ ಹಿರಿಯರು ಎಣಿಸಿದ್ದರೆಂಬುದಕ್ಕೆ ಇವು ಸಾಕ್ಷಿಗಳು. ಮಠಗಳ ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಮಜ್ಜಿಗೆ ಬರುವುದು ಕೇವಲ ರುಚಿಗಾಗಿ ಅಲ್ಲ.

ಆದರೆ ಒಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಮಜ್ಜಿಗೆ ಹೊಟ್ಟೆಗೆ ಹಿತವೆಂಬುದು ನಮ್ಮ ಹಿರಿಯರಿಗೆ ಅನುಭವದಿಂದ ತಿಳಿದಿತ್ತು. ಅದರೊಳಗೆ ಜೀವವಿದೆಯೆಂಬುದು, ಆ ಜೀವಗಳಲ್ಲಿ ನೂರಾರು ತಳಿಗಳಿವೆಯೆಂಬುದು, ಒಂದೊಂದು ತಳಿಯ ಗುಣ ಒಂದೊಂದು ಎಂಬುದು ತಿಳಿದಿರಲಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ತಿಳಿಯುವಂತೆಯೂ ಇರಲಿಲ್ಲ. “ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು” ಎಂದು ಹೆಮ್ಮೆಪಟ್ಟು ಸುಮ್ಮನಾದರೆ ಮುಂದಿನ ಅರಿವು ನಮ್ಮಿಂದ ತಪ್ಪಿಹೋಗುತ್ತದೆ.

ಯೂರೋಪಿನ ಶೋಧ

ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯೇ ಎಂಬ ವೈದ್ಯನು ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ತಾಯಿಯ ಹಾಲನ್ನು ಕುಡಿಯುವ ಹಸುಗೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಜೀವಾಣುವನ್ನು ಕಂಡನು. ಭೇದಿಯಿಂದ ನರಳುವ ಶಿಶುಗಳಲ್ಲಿ ಅದು ಕಡಿಮೆಯಾಗಿರುವುದನ್ನೂ ಗಮನಿಸಿದನು. ಇಂದು ‘ಬೈಫಿಡೊಬ್ಯಾಕ್ಟೀರಿಯಂ’ ಎಂದು ಕರೆಯುವುದು ಅದನ್ನೇ. ೧೯೦೫ರಲ್ಲಿ ಬಲ್ಗೇರಿಯ ದೇಶದ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣನು ಜಿನೀವಾದಲ್ಲಿ ತನ್ನ ಊರಿನ ಮೊಸರನ್ನು ಪರೀಕ್ಷಿಸಿ ಅದರ ಹೆಪ್ಪಿಗೆ ಕಾರಣವಾದ ಜೀವಾಣುವನ್ನು ಗುರುತಿಸಿದನು. ಪಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯದ ವಿಜ್ಞಾನಿ ಮೆಚ್ನಿಕಾಫ್ ಇದನ್ನು ಹಿಡಿದುಕೊಂಡು, ಬಲ್ಗೇರಿಯದ ರೈತರು ದೀರ್ಘಾಯುಗಳಾಗಿರುವುದಕ್ಕೆ ಮೊಸರೇ ಕಾರಣವೆಂದು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. ಮರುವರ್ಷ ಬೇರೊಂದು ಸಂಶೋಧನೆಗಾಗಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಪಾರಿತೋಷಕದ ಪ್ರಭಾವಳಿ ಮೊಸರಿಗೂ ಹಬ್ಬಿ, ಯೂರೋಪಿನಲ್ಲಿ ಮೊಸರಿನ ಗುಳಿಗೆಗಳ ವ್ಯಾಪಾರ ಭರದಿಂದ ಸಾಗಿತು.

ಆದರೆ ೧೯೨೦ರ ದಶಕದಲ್ಲಿ ಅಮೆರಿಕೆಯ ರೆಟ್ಗರ್ ಎಂಬ ವಿಜ್ಞಾನಿಯ ಪರೀಕ್ಷೆಗಳಿಂದ ಬಲ್ಗೇರಿಯದ ಆ ಜೀವಾಣು ಮನುಷ್ಯನ ಕರುಳಿನಲ್ಲಿ ನೆಲೆಸುವುದಿಲ್ಲವೆಂದು ತಿಳಿದುಬಂದಿತು. ವಾಚಕರು ಈ ಘಟನೆಯನ್ನು ನೆನಪಿನಲ್ಲಿ ಇಡಬೇಕು. ಮಹಾಪುರುಷನ ಮಾತು, ಜನರ ಉತ್ಸಾಹ, ವ್ಯಾಪಾರ, ಬಳಿಕ ಪರೀಕ್ಷೆ ಎಂಬ ಕ್ರಮ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪರೀಕ್ಷೆ ಮೊದಲು ಬಂದಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು.

ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ತಳಿಗಳು ಬೆಳಕಿಗೆ ಬಂದವು. ಮೊದಲ ಮಹಾಯುದ್ಧದ ಕಾಲದಲ್ಲಿ, ೧೯೧೭ರಲ್ಲಿ, ಜರ್ಮನಿಯ ಆಲ್‌ಫ್ರೆಡ್ ನಿಸ್ಲೆ ಸಂಗಡಿಗರೆಲ್ಲ ಭೇದಿಗೆ ತುತ್ತಾದರೂ ತಾನೊಬ್ಬನು ಆರೋಗ್ಯದಿಂದಿದ್ದ ಸೈನಿಕನ ಕರುಳಿನಿಂದ ಒಂದು ತಳಿಯನ್ನು ಪ್ರತ್ಯೇಕಿಸಿದನು. ೧೯೨೦ರ ದಶಕದ ಆರಂಭದಲ್ಲಿ ಫ್ರಾನ್ಸಿನ ಹೆನ್ರಿ ಬೌಲಾರ್ಡ್ ಕಾಲರಾ ಹರಡಿದ್ದ ಇಂಡೋಚೀನದಲ್ಲಿ ಜನರು ಹಣ್ಣಿನ ಸಿಪ್ಪೆಯ ಕಷಾಯವನ್ನು ಕುಡಿಯುವುದನ್ನು ಕಂಡು, ಲಿಚ್ಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣುಗಳಿಂದ ಒಂದು ಯೀಸ್ಟನ್ನು ಬೇರ್ಪಡಿಸಿದನು. ೧೯೩೦ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಿನೊರು ಶಿರೋಟ ಇನ್ನೊಂದು ತಳಿಯನ್ನು ಬೆಳೆಸಿ, ೧೯೩೫ರಲ್ಲಿ ಅದರ ಪಾನೀಯವನ್ನು ಮಾರುಕಟ್ಟೆಗೆ ತಂದನು. ‘ಪ್ರೋಬಯೋಟಿಕ್’ ಎಂಬ ಶಬ್ದ ವಿಜ್ಞಾನದಲ್ಲಿ ಇಂದಿನ ಅರ್ಥಕ್ಕೆ ಹತ್ತಿರವಾಗಿ ಬಳಕೆಗೆ ಬಂದುದು ೧೯೬೫ರಿಂದೀಚೆಗೆ. ೨೦೦೧ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು ಕೂಡಿ ಅದಕ್ಕೆ ಒಂದು ಲಕ್ಷಣವನ್ನು ನಿರ್ಣಯಿಸಿದರು. ಜೀವಂತವಾಗಿರಬೇಕು, ತಕ್ಕ ಪ್ರಮಾಣದಲ್ಲಿ ಇರಬೇಕು, ಸೇವಿಸಿದವನಿಗೆ ಆರೋಗ್ಯದ ಲಾಭವಾಗಬೇಕು ಎಂಬ ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಆ ಹೆಸರು ಸಲ್ಲದು.

ಹೊಸೂರು ರಸ್ತೆಯ ಪುಟಗಳು

ಈಗ ನಮ್ಮ ರಸ್ತೆಗೆ ಹಿಂದಿರುಗೋಣ. ಬೆಂಗಳೂರಿನಿಂದ ಬೊಮ್ಮಸಂದ್ರದ ಕಡೆಗೆ ಹೊರಟವನಿಗೆ ಮೊದಲು ಸಿಕ್ಕುವುದು ಆಡುಗೋಡಿ. ಅಲ್ಲಿಯ ಹಾಲಿನ ಕ್ಷೇತ್ರದಲ್ಲಿ ೧೯೨೩ರಲ್ಲಿ ಪಶುಪಾಲನೆ ಹಾಗೂ ಡೈರಿ ಶಿಕ್ಷಣದ ಇಂಪೀರಿಯಲ್ ಸಂಸ್ಥೆ ಪ್ರಾರಂಭವಾಯಿತು. ೧೯೨೭ರಲ್ಲಿ ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟ ಮತ್ತು ಬೆಂಗಳೂರುಗಳಲ್ಲಿ ತಂಗಿದ್ದ ಮಹಾತ್ಮ ಗಾಂಧಿಯವರು ಗೋಪಾಲನೆಯ ವೈಜ್ಞಾನಿಕ ಕ್ರಮವನ್ನು ಅರಿಯಲು ಈ ಸಂಸ್ಥೆಗೆ ವಿದ್ಯಾರ್ಥಿಯಂತೆ ಬಂದುಹೋದರು. ಗೋಸೇವೆಯನ್ನು ಧರ್ಮವೆಂದು ನಂಬಿದ್ದವರು ಅದರ ವಿಜ್ಞಾನವನ್ನೂ ಕಲಿಯಬೇಕೆಂದು ಬಂದದ್ದು ಸಾಮಾನ್ಯ ಸಂಗತಿಯಲ್ಲ. ೧೯೫೫ರಲ್ಲಿ ಮುಖ್ಯ ಕಛೇರಿ ಕರ್ನಾಲಿಗೆ ಹೋಯಿತಾದರೂ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಶಾಖೆಯಾಗಿ ಅದು ಆಡುಗೋಡಿಯಲ್ಲಿ ಉಳಿದಿದೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬೊಮ್ಮಸಂದ್ರ, ಹೆಬ್ಬಗೋಡಿಗಳ ಸೀಮೆ. ೧೯೭೮ರಲ್ಲಿ ಮದ್ಯ ತಯಾರಿಕೆಯ ಹುದುಗುವಿದ್ಯೆಯನ್ನು ಆಸ್ಟ್ರೇಲಿಯದಲ್ಲಿ ಕಲಿತು ಬಂದ ಕಿರಣ್ ಮಜುಂದಾರ್ ಎಂಬ ತರುಣಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಪರಂಗಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ ಅದರ ಮೊದಲ ಪದಾರ್ಥಗಳಲ್ಲಿ ಒಂದು. ಕ್ರಮೇಣ ಉಕ್ಕಿನ ಹಂಡೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಕಿಣ್ವಗಳನ್ನೂ ಔಷಧಗಳನ್ನೂ ತೆಗೆಯುವ ವಿದ್ಯೆ ಈ ಸೀಮೆಯಲ್ಲಿ ನೆಲೆಯೂರಿತು. ೨೦೦೦ದಲ್ಲಿ ಡಾ. ದೇವಿ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ಹೃದಯಾಲಯವೂ ಇದೇ ಬೊಮ್ಮಸಂದ್ರದಲ್ಲಿ ತಲೆಯೆತ್ತಿತು. ತಾಯಿಯ ಗಡಿಗೆಯಲ್ಲಿ ನಡೆಯುವ ಹೆಪ್ಪಿನ ಕ್ರಿಯೆಯೂ ಕಾರ್ಖಾನೆಯ ಹಂಡೆಯಲ್ಲಿ ನಡೆಯುವ ಕ್ರಿಯೆಯೂ ಮೂಲದಲ್ಲಿ ಒಂದೇ. ವ್ಯತ್ಯಾಸವಿರುವುದು ಎಣಿಕೆಯಲ್ಲಿ ಮತ್ತು ಗುರುತಿನಲ್ಲಿ. ಗಡಿಗೆಯ ಮೊಸರಿನಲ್ಲಿ ಯಾವ ತಳಿ ಎಷ್ಟಿದೆಯೆಂದು ಯಾರೂ ಬಲ್ಲವರಲ್ಲ. ಹಂಡೆಯಲ್ಲಿ ಒಂದೇ ತಳಿ, ಲೆಕ್ಕವಿಟ್ಟು ಬೆಳೆಯುತ್ತದೆ.

ಪೀಣ್ಯದ ಒಂದು ತಳಿ

ನಗರದ ಇನ್ನೊಂದು ಅಂಚಿನಲ್ಲಿರುವ ಪೀಣ್ಯದ ಸಾಮಿ ಲ್ಯಾಬ್ಸ್ ಎಂಬ ಸಂಸ್ಥೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕೆಲಸವನ್ನು ಮಾಡಿದೆ. ಕೇರಳದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಓದಿದ ಡಾ. ಮುಹಮ್ಮದ್ ಮಜೀದ್ ೧೯೯೧ರಲ್ಲಿ ಅದನ್ನು ಸ್ಥಾಪಿಸಿದರು. ೨೦೨೩ರಲ್ಲಿ ಅವರು ತೀರಿಕೊಂಡರು. ಆ ಸಂಸ್ಥೆಯ ತಳಿಯ ಹೆಸರು ‘ಬ್ಯಾಸಿಲಸ್ ಕೊಆಗ್ಯುಲನ್ಸ್ ಎಂ.ಟಿ.ಸಿ.ಸಿ. ೫೮೫೬’.

ಈ ಜೀವಾಣುವಿನ ಪೂರ್ವಚರಿತ್ರೆ ಸ್ವಾರಸ್ಯವಾದುದು. ೧೯೧೫ರಲ್ಲಿ ಅಮೆರಿಕೆಯ ಅಯೋವದಲ್ಲಿ ಡಬ್ಬಿಗಳಲ್ಲಿ ತುಂಬಿದ್ದ ಗಟ್ಟಿಹಾಲು ತಾನಾಗಿ ಒಡೆದುಹೋಗತೊಡಗಿತು. ಹ್ಯಾಮರ್ ಎಂಬ ವಿಜ್ಞಾನಿ ಅದಕ್ಕೆ ಕಾರಣವಾದ ಜೀವಾಣುವನ್ನು ಹಿಡಿದು, ಹಾಲನ್ನು ಹೆಪ್ಪುಗಟ್ಟಿಸುವುದರಿಂದ ಆ ಹೆಸರನ್ನಿಟ್ಟನು. ಎಂದರೆ ಅದು ಮೊದಲು ಕಾಣಿಸಿಕೊಂಡುದು ಅಪರಾಧಿಯ ವೇಷದಲ್ಲಿ. ೧೯೩೦ರ ದಶಕದಲ್ಲಿ ಬೇರೆ ಕೆಲವರು ಅದನ್ನೇ ‘ಲ್ಯಾಕ್ಟೊಬ್ಯಾಸಿಲಸ್ ಸ್ಪೊರೊಜೀನ್ಸ್’ ಎಂದು ಕರೆದರು. ಅದು ತಪ್ಪು ಹೆಸರು; ಏಕೆಂದರೆ ಲ್ಯಾಕ್ಟೊಬ್ಯಾಸಿಲಸ್ ಕುಲದ ಜೀವಾಣುಗಳು ಬೀಜಕಗಳನ್ನು ಕಟ್ಟುವುದಿಲ್ಲ. ಶಾಸ್ತ್ರಗ್ರಂಥಗಳಲ್ಲಿ ತಪ್ಪನ್ನು ತಿದ್ದಲಾಯಿತಾದರೂ ನಮ್ಮ ದೇಶದ ಔಷಧದ ಪೊಟ್ಟಣಗಳ ಮೇಲೆ ಆ ಹೆಸರು ಬಹುಕಾಲ ಉಳಿಯಿತು. ೨೦೨೦ರಲ್ಲಿಯೂ ೨೦೨೩ರಲ್ಲಿಯೂ ವಿಜ್ಞಾನಿಗಳು ಅದರ ಕುಲನಾಮವನ್ನು ಮತ್ತೆ ಬದಲಾಯಿಸಿದ್ದಾರೆ. ಹೆಸರು ಎಷ್ಟು ಬಾರಿ ಬದಲಾದರೂ ೫೮೫೬ ಎಂಬ ಸಂಖ್ಯೆ ಬದಲಾಗಿಲ್ಲ. ಚಂಡೀಗಢದ ಜೀವಾಣು ಸಂಗ್ರಹಾಲಯದಲ್ಲಿ ಆ ತಳಿಯನ್ನು ಠೇವಣಿ ಇರಿಸಿದಾಗ ದೊರೆತ ಸಂಖ್ಯೆ ಅದು.

ಬೀಜಕವೆಂದರೆ ಜೀವಾಣು ಕಷ್ಟಕಾಲದಲ್ಲಿ ತನ್ನ ಸುತ್ತ ಕಟ್ಟಿಕೊಳ್ಳುವ ಕವಚ. ಈ ಕವಚದ ಬಲದಿಂದ ಅದು ಶಾಖವನ್ನು ತಡೆಯುತ್ತದೆ, ಜಠರದ ಆಮ್ಲವನ್ನು ದಾಟುತ್ತದೆ, ಶೀತಪೆಟ್ಟಿಗೆಯಿಲ್ಲದೆಯೂ ಬದುಕುತ್ತದೆ. ನಮ್ಮಂಥ ಉಷ್ಣದೇಶಕ್ಕೆ ಇದು ದೊಡ್ಡ ಅನುಕೂಲವೆಂಬುದು ನಿಸ್ಸಂಶಯ.

ಭೇದಿ ಪ್ರಧಾನವಾದ ಕೆರಳುಕರುಳಿನ ಬೇನೆಯುಳ್ಳ ೩೬ ಮಂದಿಯ ಮೇಲೆ ಈ ತಳಿಯ ಪರೀಕ್ಷೆ ನಡೆದು, ಫಲಿತಾಂಶ ೨೦೧೬ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳಿಗೂ ವಾಡಿಕೆಯ ಚಿಕಿತ್ಸೆ ನಡೆದಿತ್ತು. ಅದರ ಜೊತೆಗೆ ೯೦ ದಿನಗಳ ಕಾಲ ಒಂದು ಗುಂಪಿಗೆ ದಿನವೊಂದಕ್ಕೆ ೨೦೦ ಕೋಟಿ ಬೀಜಕಗಳ ಗುಳಿಗೆಯನ್ನೂ ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಏರ್ಪಾಟು ಮಾಡಿದ್ದರು. ಬೀಜಕವನ್ನು ಸೇವಿಸಿದವರಲ್ಲಿ ಹೊಟ್ಟೆಯುಬ್ಬರ, ನೋವು, ಭೇದಿಗಳು ಹೆಚ್ಚಾಗಿ ತಗ್ಗಿದವು. ಇದು ಸಂತೋಷದ ಸಂಗತಿ. ಆದರೆ ೩೬ ಎಂಬುದು ಚಿಕ್ಕ ಸಂಖ್ಯೆ, ಮತ್ತು ಪರೀಕ್ಷೆಯನ್ನು ನಡೆಸಿದವರು ಆ ಪದಾರ್ಥವನ್ನು ತಯಾರಿಸುವವರೇ. ವಂಚನೆ ನಡೆಯಿತೆಂದು ಇದರ ಅರ್ಥವಲ್ಲ. ಸಂಬಂಧವಿಲ್ಲದವರು ಹೆಚ್ಚಿನ ಜನರ ಮೇಲೆ ಅದನ್ನೇ ಪುನಃ ನಡೆಸಿ ನೋಡುವವರೆಗೆ ಅದು ಭರವಸೆಯೇ ಹೊರತು ಸಿದ್ಧಾಂತವಲ್ಲವೆಂದು ಮಾತ್ರ ಅರ್ಥ.

ಭೇದಿಗೆ ಮೊದಲ ಮದ್ದು

ಭೇದಿಯೂ ಕೆರಳುಕರುಳಿನ ಬೇನೆಯೂ ಬೇರೆ ಬೇರೆ. ಮೊದಲು ಭೇದಿಯನ್ನು ನೋಡೋಣ. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಹೆಚ್ಚಾಗಿ ರೋಗಾಣುವಲ್ಲ, ನೀರಿನ ನಷ್ಟ. ೧೯೭೧ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸು, ಅಡುಗೆ ಸೋಡಗಳನ್ನು ನೀರಿನಲ್ಲಿ ಕಲಸಿ ಬಾಯಿಯ ಮೂಲಕ ಕುಡಿಸಿದರು. ರೋಗಿಗಳ ಬಂಧುಗಳೇ ಲೋಟಗಳಿಂದ ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು ೩೦ರಷ್ಟಿದ್ದ ಮರಣ ೪ಕ್ಕಿಂತ ಕೆಳಗಿಳಿಯಿತು. ಕೋಟ್ಯಂತರ ಮಕ್ಕಳನ್ನು ಉಳಿಸಿದ ವಿದ್ಯೆ ಇದು. ೨೦೦೪ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಇದರೊಡನೆ ಮಕ್ಕಳಿಗೆ ೧೦ರಿಂದ ೧೪ ದಿನಗಳ ಕಾಲ ಸತುವಿನ ಗುಳಿಗೆಯನ್ನು ಕೊಡಲು ಹೇಳಿದೆ.

ಪ್ರೋಬಯೋಟಿಕ್ ಇದಕ್ಕೆ ಏನನ್ನು ಸೇರಿಸುತ್ತದೆ? ಕೋಲ್ಕತದಲ್ಲಿ ಒಂದರಿಂದ ಐದು ವರ್ಷದ ೩,೭೫೮ ಮಕ್ಕಳಿಗೆ ೧೨ ವಾರಗಳ ಕಾಲ ಒಂದು ಗುಂಪಿಗೆ ಶಿರೋಟ ತಳಿಯ ಪಾನೀಯವನ್ನೂ ಮತ್ತೊಂದಕ್ಕೆ ಜೀವಾಣುವಿಲ್ಲದ ಪಾನೀಯವನ್ನೂ ಕುಡಿಸಿದ ಪರೀಕ್ಷೆಯ ಫಲ ೨೦೧೧ರಲ್ಲಿ ಹೊರಬಂದಿತು. ಭೇದಿಗೆ ತುತ್ತಾಗುವುದು ನೂರಕ್ಕೆ ೧೪ರಷ್ಟು ಕಡಿಮೆಯಾಗಿತ್ತು. ಲಾಭ ಉಂಟು, ಆದರೆ ಸ್ವಲ್ಪ. ೨೦೧೮ರಲ್ಲಿ ಅಮೆರಿಕೆಯಲ್ಲಿ ೯೭೧ ಮಕ್ಕಳ ಮೇಲೆಯೂ ಕೆನಡಾದಲ್ಲಿ ೮೮೬ ಮಕ್ಕಳ ಮೇಲೆಯೂ ನಡೆದ ಪರೀಕ್ಷೆಗಳಲ್ಲಿ ಬಹುಪ್ರಸಿದ್ಧ ತಳಿಗಳೇ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ೨೦೨೦ರಲ್ಲಿ ೮೨ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶಕರು, ಎರಡು ದಿನಗಳನ್ನು ಮೀರುವ ಭೇದಿಯ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದೆಂದು ತೀರ್ಮಾನಿಸಿದರು.

ಆದರೆ ಒಂದು ಸಂದರ್ಭದಲ್ಲಿ ಪ್ರೋಬಯೋಟಿಕ್ ತನ್ನ ಕೆಲಸವನ್ನು ಚೆನ್ನಾಗಿಯೇ ತೋರಿಸಿದೆ. ಆಂಟಿಬಯೋಟಿಕ್ ಸೇವನೆಯಿಂದ ಕರುಳಿನ ಒಳ್ಳೆಯ ಜೀವಾಣುಗಳೂ ಸತ್ತು ಭೇದಿ ಹತ್ತುವುದುಂಟು. ಮಕ್ಕಳ ಮೇಲಿನ ೩೩ ಪರೀಕ್ಷೆಗಳನ್ನು ೨೦೧೯ರಲ್ಲಿ ಒಟ್ಟುಗೂಡಿಸಿದಾಗ, ಹೀಗೆ ಭೇದಿ ಹತ್ತಿದವರು ಪ್ರೋಬಯೋಟಿಕ್ ಇಲ್ಲದವರಲ್ಲಿ ನೂರಕ್ಕೆ ೧೯, ಇದ್ದವರಲ್ಲಿ ೮. ಬೌಲಾರ್ಡನು ಕಂಡ ಯೀಸ್ಟು ಮತ್ತು ‘ರ‍್ಯಾಮ್ನೋಸಸ್ ಜಿ.ಜಿ.’ ಎಂಬ ತಳಿ ಇಲ್ಲಿ ಹೆಸರಿಸತಕ್ಕವು. ಯೀಸ್ಟು ಜೀವಾಣುವಲ್ಲವಾದುದರಿಂದ ಅದನ್ನು ಆಂಟಿಬಯೋಟಿಕ್ ಕೊಲ್ಲಲಾರದೆಂಬುದು ಅದರ ವಿಶೇಷ.

ಕೆರಳುಕರುಳು

ಕೆರಳುಕರುಳಿನ ಬೇನೆ, ವೈದ್ಯರ ಮಾತಿನಲ್ಲಿ ಐ.ಬಿ.ಎಸ್., ಬೇರೆಯ ಜಾತಿಯದು. ವಾರಕ್ಕೆ ಒಮ್ಮೆಯಾದರೂ ಬರುವ ಹೊಟ್ಟೆನೋವು, ಅದರೊಡನೆ ಮಲದ ಹೊತ್ತಿನಲ್ಲಿಯೂ ರೂಪದಲ್ಲಿಯೂ ಏರುಪೇರು, ತಿಂಗಳುಗಟ್ಟಲೆ ಇದೇ ಗೋಳು. ಪರೀಕ್ಷೆ ಮಾಡಿದರೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಮನೆಯವರು ಇದನ್ನು ‘ಮನಸ್ಸಿನ ಭ್ರಮೆ’ ಎನ್ನುತ್ತಾರೆ. ಹಾಗೆ ಹೇಳುವುದು ಅನ್ಯಾಯ. ಮಿದುಳಿಗೂ ಕರುಳಿಗೂ ನಡುವೆ ನರಗಳ ಸಂಪರ್ಕವಿದ್ದು, ಆ ಸಂವಾದ ಕೆಟ್ಟಾಗ ಈ ಬೇನೆ ತೋರುತ್ತದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ತೀವ್ರವಾದ ಭೇದಿಯೊಂದು ಬಂದು ಹೋದ ಮೇಲೆ ಇದು ಅಂಟಿಕೊಳ್ಳುವುದೂ ಉಂಟು.

ಇದರ ಮೇಲೆ ನಡೆದ ಪರೀಕ್ಷೆಗಳಲ್ಲಿ ೨೦೦೬ರಲ್ಲಿ ಇಂಗ್ಲೆಂಡಿನ ವೋರ್‌ವೆಲ್ ಮತ್ತು ಸಂಗಡಿಗರು ಪ್ರಕಟಿಸಿದುದು ತುಂಬ ಬೋಧಪ್ರದವಾಗಿದೆ. ೩೬೨ ಮಹಿಳೆಯರಿಗೆ ‘ಬೈಫಿಡೊಬ್ಯಾಕ್ಟೀರಿಯಂ ೩೫೬೨೪’ ಎಂಬ ತಳಿಯನ್ನು ಮೂರು ಪ್ರಮಾಣಗಳಲ್ಲಿ ಕೊಟ್ಟರು: ೧೦ ಲಕ್ಷ, ೧೦ ಕೋಟಿ, ೧,೦೦೦ ಕೋಟಿ. ಗುಣ ಕಂಡುದು ನಡುವಣ ೧೦ ಕೋಟಿಯಲ್ಲಿ ಮಾತ್ರ! ಸಾವಿರ ಕೋಟಿಯ ಗುಳಿಗೆ ಹೊಟ್ಟೆಯಲ್ಲಿ ಕರಗದೆ ಅಂಟಿನ ಮುದ್ದೆಯಾಗುತ್ತಿತ್ತೆಂದು ಆಮೇಲೆ ತಿಳಿದುಬಂದಿತು. ಹೆಚ್ಚು ಕೋಟಿಯೆಂದರೆ ಹೆಚ್ಚು ಗುಣವೆಂದು ನಂಬಿ ದುಬಾರಿಯ ಡಬ್ಬಿಗೆ ಕೈಚಾಚುವವರು ಈ ಒಂದು ಪರೀಕ್ಷೆಯನ್ನು ನೆನೆಯಬೇಕು.

ತಜ್ಞರಲ್ಲಿಯೂ ಏಕಾಭಿಪ್ರಾಯವಿಲ್ಲ. ೨೦೨೦ರಲ್ಲಿ ಅಮೆರಿಕೆಯ ಜಠರತಜ್ಞರ ಒಂದು ಸಂಘವು ಸಂಶೋಧನೆಯ ಹೊರಗೆ ಈ ಬೇನೆಗೆ ಪ್ರೋಬಯೋಟಿಕ್ಕನ್ನು ಸೂಚಿಸಲಾಗದೆಂದಿತು. ೨೦೨೧ರಲ್ಲಿ ಇನ್ನೊಂದು ಸಂಘವೂ ಬೇಡವೆಂದೇ ಹೇಳಿತು. ಅದೇ ವರ್ಷ ಬ್ರಿಟನ್ನಿನ ಸಂಘವು, ಬಯಸಿದವರು ೧೨ ವಾರ ಪ್ರಯತ್ನಿಸಿ ನೋಡಬಹುದು, ಗುಣ ಕಾಣದಿದ್ದರೆ ನಿಲ್ಲಿಸತಕ್ಕದ್ದು ಎಂದಿತು. ಈ ಮೂರನೆಯ ಮಾತು ಸಾಮಾನ್ಯ ಸಂಸಾರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಎಣಿಕೆ. ಅದರಲ್ಲಿ ಆಸೆಯೂ ಇದೆ, ಆಸೆಗೆ ಗಡುವೂ ಇದೆ.

ಆರಿಸುವ ಬಗೆ

ಮೇಲ್ಕಂಡ ಚರಿತ್ರೆಯಿಂದ ವಾಚಕರು ಕೆಲವು ಸೂತ್ರಗಳನ್ನು ಹೊರತೆಗೆಯಬಹುದು.

ಮೊದಲನೆಯದಾಗಿ, ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಪ್ರೋಬಯೋಟಿಕ್ಕನ್ನು ಹುಡುಕಿಕೊಂಡು ಹೋಗುವ ಮೊದಲು ಓ.ಆರ್.ಎಸ್. ಕುಡಿಸಿರಿ. ಪೊಟ್ಟಣ ಸಿಕ್ಕದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು. ಹಣ್ಣಿನ ರಸದ ಸಿಹಿಪಾನೀಯಗಳಿಗೆ ಓ.ಆರ್.ಎಸ್. ಎಂಬ ಹೆಸರನ್ನು ಅಂಟಿಸಿ ಮಾರುವುದನ್ನು ೨೦೨೫ರ ಅಕ್ಟೋಬರಿನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಬೇಕಾಯಿತು. ಹೆಸರನ್ನು ನಂಬಿ ಮೋಸಹೋಗುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ನಿದರ್ಶನ ಬೇಡ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿಯಲಾರದಷ್ಟು ಸೋತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದಾಗಿ, ದೀರ್ಘಕಾಲದ ಹೊಟ್ಟೆಬೇನೆಗೆ ತಾವೇ ಐ.ಬಿ.ಎಸ್. ಎಂದು ಹೆಸರಿಟ್ಟುಕೊಳ್ಳಬಾರದು. ತೂಕ ಇಳಿಯುವುದು, ಜ್ವರ, ರಕ್ತ ಹೋಗುವುದು, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ತೊಂದರೆ ಇವು ಬೇರೆ ರೋಗದ ಮುನ್ಸೂಚನೆಗಳಾಗಿರಬಹುದು. ಕರುಳಿನ ಕ್ಷಯವೋ ಗಡ್ಡೆಯೋ ಇರುವಲ್ಲಿ ಆರು ತಿಂಗಳು ಪುಡಿಯ ಪೊಟ್ಟಣಗಳನ್ನು ಹರಿಯುತ್ತ ಕುಳಿತರೆ ಕಳೆದುಹೋದ ಆರು ತಿಂಗಳು ತಿರುಗಿ ಬಾರವು.

ಮೂರನೆಯದಾಗಿ, ಪೊಟ್ಟಣವನ್ನು ಓದಿರಿ. ಕುಲ, ಪ್ರಭೇದ, ತಳಿ ಈ ಮೂರೂ ಬರೆದಿರಬೇಕು. ತಳಿಯ ಅಂಕಿಯೋ ಅಕ್ಷರವೋ ಇರಬೇಕು. ಜೀವಾಣುಗಳ ಎಣಿಕೆ ತಯಾರಾದ ದಿನದ್ದಲ್ಲ, ಅವಧಿ ಮುಗಿಯುವ ದಿನದ್ದಾಗಿರಬೇಕು. ಇರಿಸುವ ಬಗೆಯನ್ನೂ ತಿಳಿಸಿರಬೇಕು. ೨೦೧೧ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಹೊರಡಿಸಿದ ಮಾರ್ಗಸೂಚಿ ಹೀಗೆಯೇ ವಿಧಿಸಿದೆ. ಇಂಥ ಆಹಾರಗಳಲ್ಲಿ ದಿನದ ಸೇವನೆಗೆ ಕನಿಷ್ಠ ೧೦ ಕೋಟಿ ಜೀವಾಣುಗಳಿರಬೇಕೆಂದು ೨೦೧೬ರ ನಿಯಮ ಹೇಳಿತು. ‘ಒಳ್ಳೆಯ ಬ್ಯಾಕ್ಟೀರಿಯ’ ಎಂದಷ್ಟೇ ಬರೆದು ಬಿಟ್ಟಿರುವುದನ್ನು ಬಿಟ್ಟುಬಿಡುವುದೇ ಲೇಸು.

ನಾಲ್ಕನೆಯದಾಗಿ, ವೈದ್ಯರನ್ನು ಒಂದೇ ಪ್ರಶ್ನೆ ಕೇಳಿರಿ: “ಈ ತಳಿ, ಈ ಪ್ರಮಾಣದಲ್ಲಿ, ನನ್ನ ಈ ಬೇನೆಗೆ ಪರೀಕ್ಷಿತವಾಗಿದೆಯೆ?” ಒಮ್ಮೆಗೆ ಒಂದನ್ನೇ ಸೇವಿಸಿ ೧೨ ವಾರ ನೋಡಿ, ದಿನದಿನದ ಸ್ಥಿತಿಯನ್ನು ಬರೆದಿಡಿ. ಗುಣವಿಲ್ಲದಿದ್ದರೆ ನಿಲ್ಲಿಸಿರಿ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ರೋಗನಿರೋಧಶಕ್ತಿ ಕುಂದಿದವರಿಗೆ ವೈದ್ಯರ ಅಪ್ಪಣೆಯಿಲ್ಲದೆ ಕೊಡಲೇಬಾರದು. ಅವರಲ್ಲಿ ಈ ಸಾಧು ಜೀವಾಣುವೇ ರಕ್ತಕ್ಕೆ ನುಗ್ಗಿ ಪ್ರಾಣಾಪಾಯವಾಗಬಹುದು. ಅವಧಿಪೂರ್ವ ಶಿಶುಗಳ ವಿಷಯದಲ್ಲಿ ೨೦೨೩ರಲ್ಲಿ ಅಮೆರಿಕೆಯ ಸರ್ಕಾರವೇ ಎಚ್ಚರಿಕೆಯನ್ನು ಹೊರಡಿಸಿತು.

ಹಾಗಾದರೆ ಮನೆಯ ಮಜ್ಜಿಗೆ? ಅದನ್ನು ಬಿಡಬೇಕಾಗಿಲ್ಲ. ಹಾಲು ಜೀರ್ಣವಾಗದವರಿಗೆ ಮೊಸರು ಹಿತವೆಂಬುದಕ್ಕೆ ವಿಜ್ಞಾನದ ಒಪ್ಪಿಗೆ ಇದೆ. ಹೆಪ್ಪಿನ ಜೀವಾಣುಗಳೇ ಹಾಲುಸಕ್ಕರೆಯನ್ನು ಒಡೆಯಲು ನೆರವಾಗುತ್ತವೆ. ಆದರೆ ಮಜ್ಜಿಗೆ ಅನ್ನ, ಔಷಧವಲ್ಲ. ಅದರೊಳಗಿನ ತಳ ಯಾವುದೆಂದು ತಿಳಿಯದ ಮೇಲೆ ರೋಗದ ಹೊಣೆಯನ್ನು ಅದರ ಮೇಲೆ ಹೊರಿಸುವುದು ಅದಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ. ಅದನ್ನು ಬೆರೆಸುವ ನೀರು ಶುದ್ಧವಾಗಿರಬೇಕೆಂಬುದಂತೂ ಹೇಳದೆಯೂ ತಿಳಿಯತಕ್ಕದ್ದು. ಕೆಟ್ಟ ನೀರಿನ ಮಜ್ಜಿಗೆ ತಾನೇ ಭೇದಿಯನ್ನು ತಂದೀತು.

ಶರಣರು ಮನುಷ್ಯನನ್ನು ಹೆಸರಿನಿಂದಲೂ ಕುಲದಿಂದಲೂ ಅಳೆಯದೆ ಅವನ ನಡೆಯಿಂದಲೂ ಕಾಯಕದಿಂದಲೂ ಅಳೆದರು. ಕಣ್ಣಿಗೆ ಕಾಣದ ಈ ಜೀವಿಗಳ ವಿಷಯದಲ್ಲಿಯೂ ಅದೇ ಅಳತೆಗೋಲು ಸಾಕು. ‘ಪ್ರೋಬಯೋಟಿಕ್’ ಎಂಬುದು ಕೇವಲ ಹೆಸರು. ಯಾವ ತಳಿ ಯಾರ ಮುಂದೆ ಯಾವ ಕೆಲಸವನ್ನು ಮಾಡಿ ತೋರಿಸಿದೆ ಎಂಬುದೇ ಅದರ ಯೋಗ್ಯತೆ. ರಾತ್ರಿಪಾಳಿ ಮುಗಿಸಿ ಬೊಮ್ಮಸಂದ್ರದ ಔಷಧದ ಅಂಗಡಿಯ ಮುಂದೆ ನಿಂತ ದುಡಿಮೆಗಾರನು ತನ್ನ ಬೆವರಿನ ಹಣವನ್ನು ಎಣಿಸುವಾಗ ಈ ಒಂದು ಪ್ರಶ್ನೆಯನ್ನು ಕೇಳಲು ಕಲಿತನಾದರೆ ಈ ಬರಹ ಸಾರ್ಥಕ.